ರೀಬಸ್ ಸರಣಿ: ಎಂಟನೆಯ ಪುಸ್ತಕದಿಂದ ಶುರು ಮಾಡಿ

ಮೇಡಂ, ಸ್ಕಾಟ್‌ಲೆಂಡಿನ ಲೇಖಕ ಇಯಾನ್ ರ‍್ಯಾಂಕಿನ್ ಅವರ ಪೊಲೀಸ್ ಪತ್ತೇದಾರ ರೀಬಸ್‌ನ ಮೊದಲ ಕಾದಂಬರಿ ಅರ್ಧಕ್ಕೇ ನಿಂತುಹೋಯ್ತು, ಸರಣಿ ಮುಂದುವರಿಸಲೋ ಬಿಡಲೋ ಅಂತ ಕೇಳಿದ್ದೀರಿ. ಆ ಪುಸ್ತಕ ಪಕ್ಕಕ್ಕಿಡಿ, ಲೇಖಕರನ್ನು ಮಾತ್ರ ಬಿಡಬೇಡಿ.

1987ರ 'ನಾಟ್ಸ್ ಅಂಡ್ ಕ್ರಾಸಸ್' ಬರೆದಾಗ ಅವರಿಗೆ ಸರಣಿಯ ಯೋಚನೆಯೇ ಇರಲಿಲ್ಲ. ಎಡಿನ್‌ಬರೋದಲ್ಲಿ ಪಿಎಚ್.ಡಿ.ಗೆ ಸೇರಿದ್ದ ಯುವಕ, ಒಬ್ಬನೇ ಮನುಷ್ಯನಲ್ಲಿ ಒಳ್ಳೆಯವನೂ ಕೆಟ್ಟವನೂ ಇರುವ ಜೆಕಿಲ್-ಹೈಡ್ ಕಥೆಯನ್ನು ಈ ಕಾಲಕ್ಕೆ ತರಲು ಹೊರಟಿದ್ದರು. ಅದಕ್ಕೇ ಅಲ್ಲಿ ತನಿಖೆ ತೆಳು, ರೀಬಸ್ ಕೂಡ ಇನ್ನೂ ಪೂರ್ತಿ ಮೂಡಿಲ್ಲ.

ನೀವು 'ಬ್ಲ್ಯಾಕ್ ಅಂಡ್ ಬ್ಲೂ' (1997) ಹಿಡಿಯಿರಿ. ಸರಣಿಯಲ್ಲಿ ಎಂಟನೆಯದು, ಅಪರಾಧ ಕಾದಂಬರಿಗಳಿಗೆ ಕೊಡುವ ಗೋಲ್ಡ್ ಡ್ಯಾಗರ್ ಪ್ರಶಸ್ತಿ ಬಂದದ್ದು. 1960ರ ದಶಕದ ಕೊನೆಯಲ್ಲಿ ಗ್ಲಾಸ್ಗೋದಲ್ಲಿ ಮೂವರು ಹೆಂಗಸರ ಕೊಲೆಯಾಯಿತು. ಪತ್ರಿಕೆಗಳು 'ಬೈಬಲ್ ಜಾನ್' ಅಂತ ಕರೆದ ಆ ಕೊಲೆಗಾರ ಸಿಗಲೇ ಇಲ್ಲ. ಅವನನ್ನೇ ಅನುಕರಿಸುವ ಇನ್ನೊಬ್ಬ ಹುಟ್ಟಿಕೊಂಡರೆ? ಕಥೆ ಅಲ್ಲಿಂದ ಅಬರ್ಡೀನ್‌ಗೆ, ಉತ್ತರ ಸಮುದ್ರದ ತೈಲಬಾವಿಗಳವರೆಗೆ ಹೋಗುತ್ತದೆ. ತೈಲದ ದುಡ್ಡು ಸ್ಕಾಟ್‌ಲೆಂಡಿಗೆ ಏನು ಮಾಡಿತು ಅನ್ನೋದು ಕೊಲೆಯ ಎಳೆಯಷ್ಟೇ ಬಿಗಿಯಾಗಿ ಬಂದಿದೆ. ನನಗೆ ಇದೇ ಅವರ ಅತ್ಯುತ್ತಮ ಕೃತಿ.

ರ‍್ಯಾಂಕಿನ್ ಹುಟ್ಟಿದ್ದು 1960ರಲ್ಲಿ, ಫೈಫ್ ಪ್ರಾಂತ್ಯದ ಕಾರ್ಡೆಂಡನ್ ಎಂಬ ಕಲ್ಲಿದ್ದಲು ಗಣಿ ಊರಲ್ಲಿ. ರೀಬಸ್‌ನನ್ನೂ ಫೈಫ್‌ನವನನ್ನಾಗಿಯೇ ಮಾಡಿದ್ದಾರೆ. ಹಾಗಾಗಿ ಪ್ರವಾಸಿಗರು ನೋಡುವ ಕೋಟೆಯ ಎಡಿನ್‌ಬರೋ ಇಬ್ಬರಿಗೂ ಸ್ವಲ್ಪ ಪರಕೀಯವೇ. ಪುಸ್ತಕಗಳಲ್ಲಿ ಬಡವರ ಬಡಾವಣೆಗಳು, ರೀಬಸ್ ಕುಡಿಯಲು ಹೋಗುವ ಆಕ್ಸ್‌ಫರ್ಡ್ ಬಾರ್ ಇವೇ ಹೆಚ್ಚು. ಆ ಬಾರ್ ಯಂಗ್ ಸ್ಟ್ರೀಟ್‌ನಲ್ಲಿ ನಿಜಕ್ಕೂ ಇದೆ.

ಆಮೇಲೆ ಹಿಂದಕ್ಕೆ ಬಂದು 'ದಿ ಬ್ಲ್ಯಾಕ್ ಬುಕ್' (1993) ಓದಿ, ರೀಬಸ್‌ನ ಸಹೋದ್ಯೋಗಿ ಶಿವಾನ್ ಕ್ಲಾರ್ಕ್ ಬರೋದು ಅಲ್ಲಿಂದ. ಅಲ್ಲಿಂದ ಮುಂದೆ ಪ್ರಕಟವಾದ ಕ್ರಮದಲ್ಲೇ ಓದಿ. ಏಕೆಂದರೆ ರೀಬಸ್‌ಗೆ ನಮ್ಮ ಹಾಗೇ ವಯಸ್ಸಾಗುತ್ತದೆ: 'ಎಕ್ಸಿಟ್ ಮ್ಯೂಸಿಕ್' (2007)ನಲ್ಲಿ ಅರವತ್ತಕ್ಕೆ ನಿವೃತ್ತಿ, 2012ರಲ್ಲಿ ಹಳೆಯ ಕೇಸುಗಳ ಕೆಲಸಕ್ಕೆ ಮರಳುತ್ತಾನೆ. ಕ್ರಮ ತಪ್ಪಿದರೆ ಈ ಸವೆತ ಕೈಗೆ ಸಿಗೋದಿಲ್ಲ.

ಇನ್ನೊಂದೇ ಪುಸ್ತಕಕ್ಕೆ ಸಮಯ ಇದ್ದರೆ 'ದಿ ಫಾಲ್ಸ್' (2001). 1836ರಲ್ಲಿ ಎಡಿನ್‌ಬರೋದ ಆರ್ಥರ್ಸ್ ಸೀಟ್ ಗುಡ್ಡದಲ್ಲಿ ಹುಡುಗರಿಗೆ ಹದಿನೇಳು ಪುಟ್ಟ ಶವಪೆಟ್ಟಿಗೆ ಸಿಕ್ಕವು, ಪ್ರತಿಯೊಂದರಲ್ಲೂ ಒಂದು ಮರದ ಗೊಂಬೆ. ಉಳಿದಿರುವ ಎಂಟು ಅಲ್ಲಿನ ರಾಷ್ಟ್ರೀಯ ಸಂಗ್ರಹಾಲಯದಲ್ಲಿವೆ. ಆ ಒಗಟಿನ ಮೇಲೇ ಕಾದಂಬರಿ ನಿಂತಿದೆ.

ಕೊಳ್ಳುವಾಗ ಒಂದು ಎಚ್ಚರ: 'ವುಲ್ಫ್‌ಮನ್' ಮತ್ತು 'ಟೂತ್ ಅಂಡ್ ನೇಲ್' ಒಂದೇ ಪುಸ್ತಕ. 'ಫ್ಲೆಶ್‌ಮಾರ್ಕೆಟ್ ಕ್ಲೋಸ್' ಅಮೆರಿಕದ ಮುದ್ರಣದಲ್ಲಿ 'ಫ್ಲೆಶ್‌ಮಾರ್ಕೆಟ್ ಆಲಿ' ಆಗಿದೆ. ಎರಡೆರಡು ಸಲ ದುಡ್ಡು ಕೊಡಬೇಡಿ.