ನೀವು ಕೇಳಿದಿರಿ: ಪಿಂಗಾಣಿ ಎಲೆಕ್ಟ್ರೋಡ್ ಯಾಕೆ ಕೈಕೊಡುತ್ತದೆ?

ಸಾಲಿಡ್ ಆಕ್ಸೈಡ್ ಕೋಶ 700–800 ಡಿಗ್ರಿ ಸೆಲ್ಸಿಯಸ್‌ನಲ್ಲಿ ದುಡಿಯುವ ಪಿಂಗಾಣಿ ಕೋಶ. ಒಂದು ಮಗ್ಗುಲಿಗೆ ಹೈಡ್ರೋಜನ್, ಇನ್ನೊಂದಕ್ಕೆ ಗಾಳಿ, ನಡುವೆ ಆಕ್ಸಿಜನ್ ಅಯಾನುಗಳನ್ನಷ್ಟೇ ದಾಟಿಸುವ ಎಲೆಕ್ಟ್ರೋಲೈಟ್. ಅದರ ಎರಡೂ ಮುಖಕ್ಕೆ ಅಂಟಿದ ಪದರಗಳೇ ಎಲೆಕ್ಟ್ರೋಡ್‌ಗಳು. ಹೈಡ್ರೋಜನ್ ಕೊಟ್ಟರೆ ವಿದ್ಯುತ್ ಸಿಗುತ್ತದೆ. ಹಬೆ ಮತ್ತು ವಿದ್ಯುತ್ ಕೊಟ್ಟರೆ ಹೈಡ್ರೋಜನ್ ಸಿಗುತ್ತದೆ. ಇದರ ಎಲೆಕ್ಟ್ರೋಡ್‌ಗಳ ಬಗ್ಗೆ ಬಂದ ಪ್ರಶ್ನೆಗಳಿಗೆ ಈ ಸಲ ಉತ್ತರ.

ಪ್ರ: ಕಂಬದ ಮೇಲಿನ ಇನ್ಸುಲೇಟರ್ ಕೂಡ ಪಿಂಗಾಣಿಯೇ. ಅಂಥ ವಸ್ತುವಿನಲ್ಲಿ ಎಲೆಕ್ಟ್ರೋಡ್ ಮಾಡುವುದು ಹೇಗೆ? – ಪಿಯು ಉಪನ್ಯಾಸಕಿ, ಶಿವಮೊಗ್ಗ

ಉ: ಎಲ್ಲ ಪಿಂಗಾಣಿಯೂ ಒಂದೇ ಜಾತಿಯಲ್ಲ. ಲ್ಯಾಂಥನಂ ಮ್ಯಾಂಗನೈಟ್‌ನಲ್ಲಿ ನೂರಕ್ಕೆ ಇಪ್ಪತ್ತು ಲ್ಯಾಂಥನಂ ತೆಗೆದು ಸ್ಟ್ರಾನ್ಷಿಯಂ ಕೂರಿಸಿ. ಮೂರು ಧನಾವೇಶದ ಜಾಗಕ್ಕೆ ಎರಡರದ್ದು ಬಂದದ್ದರಿಂದ, ಲೆಕ್ಕ ಸರಿದೂಗಿಸಲು ಕೆಲವು ಮ್ಯಾಂಗನೀಸ್ ಅಯಾನುಗಳು ಮೂರರಿಂದ ನಾಲ್ಕಕ್ಕೆ ಏರುತ್ತವೆ. ಈ ಎರಡು ಬಗೆಯ ಮ್ಯಾಂಗನೀಸ್‌ಗಳ ನಡುವೆ ಎಲೆಕ್ಟ್ರಾನು ಜಿಗಿಯುತ್ತದೆ. 800 ಡಿಗ್ರಿಯಲ್ಲಿ ಇದರ ವಾಹಕತೆ ಸೆಂಟಿಮೀಟರಿಗೆ 100 ಸೀಮೆನ್ಸ್ ಮೀರುತ್ತದೆ. ಇದೇ ಎಲ್‌ಎಸ್‌ಎಂ. ಆ ಬಿಸಿಗಾಳಿಯಲ್ಲಿ ಸಾಮಾನ್ಯ ಲೋಹ ತುಕ್ಕಾಗಿಬಿಡುತ್ತದೆ, ಪ್ಲಾಟಿನಂ ಕೈಗೆಟಕುವುದಿಲ್ಲ. ಹಾಗಾಗಿ ಆಕ್ಸೈಡೇ ಗತಿ.

ಎಲ್‌ಎಸ್‌ಎಂಗೆ ಒಂದು ಕೊರತೆಯುಂಟು: ಆಕ್ಸಿಜನ್ ಅಯಾನು ಅದರೊಳಗೆ ಹೆಚ್ಚುಕಡಿಮೆ ಓಡಾಡುವುದೇ ಇಲ್ಲ. ಗಾಳಿ, ಎಲ್‌ಎಸ್‌ಎಂ, ಎಲೆಕ್ಟ್ರೋಲೈಟ್ ಮೂರೂ ಸೇರುವ ಅಂಚಿನಲ್ಲಷ್ಟೇ ಕೆಲಸ ನಡೆಯುತ್ತದೆ. ಆ ಅಂಚು ಹೆಚ್ಚಲಿ ಎಂದೇ ಎಲೆಕ್ಟ್ರೋಲೈಟಿನ ಪುಡಿಯನ್ನು, ಅಂದರೆ ಇಟ್ರಿಯಾ ಬೆರೆಸಿದ ಜಿರ್ಕೋನಿಯಾ ವೈಎಸ್‌ಝಡ್ ಅನ್ನು, ಅದರೊಂದಿಗೆ ಸಮಸಮ ಬೆರೆಸುವುದು. ಮ್ಯಾಂಗನೀಸ್ ಬದಲು ಕೋಬಾಲ್ಟ್ ಮತ್ತು ಕಬ್ಬಿಣ ಇರುವ ಎಲ್‌ಎಸ್‌ಸಿಎಫ್‌ನಲ್ಲಿ ಎಲೆಕ್ಟ್ರಾನೂ ಓಡುತ್ತದೆ, ಅಯಾನೂ ಓಡುತ್ತದೆ.

ಪ್ರ: ನೈಟ್ರೇಟ್ ಮತ್ತು ಗ್ಲೈಸಿನ್ ಉರಿಸಿ ಎಲ್‌ಎಸ್‌ಸಿಎಫ್ ಪುಡಿ ಮಾಡಿದೆ. ಎಕ್ಸ್‌ರೇ ಚಿತ್ರದಲ್ಲಿ ಬೇಡದ ಶಿಖರಗಳು ಬಂದಿವೆ. ಅಳತೆ ತಪ್ಪಿತೇ? – ಎಂ.ಎಸ್ಸಿ. ವಿದ್ಯಾರ್ಥಿ, ಧಾರವಾಡ

ಉ: ಲ್ಯಾಂಥನಂ 0.6, ಸ್ಟ್ರಾನ್ಷಿಯಂ 0.4, ಕೋಬಾಲ್ಟ್ 0.2, ಕಬ್ಬಿಣ 0.8 ಎಂಬ ಸೂತ್ರದಲ್ಲಿ 0.05 ಮೋಲ್, ಅಂದರೆ ಸುಮಾರು 11 ಗ್ರಾಂ ಪುಡಿಗೆ ಲೆಕ್ಕ ಹೀಗೆ: ಆರು ನೀರಿನ (ಹರಳಿನಲ್ಲಿ ಆರು ನೀರಿನ ಅಣು ಇರುವ) ಲ್ಯಾಂಥನಂ ನೈಟ್ರೇಟ್ 12.99 ಗ್ರಾಂ, ಸ್ಟ್ರಾನ್ಷಿಯಂ ನೈಟ್ರೇಟ್ 4.23, ಆರು ನೀರಿನ ಕೋಬಾಲ್ಟ್ ನೈಟ್ರೇಟ್ 2.91, ಒಂಬತ್ತು ನೀರಿನ ಕಬ್ಬಿಣದ ನೈಟ್ರೇಟ್ 16.16, ಗ್ಲೈಸಿನ್ 11.26.

ಲೆಕ್ಕ ಸರಿಯಿದ್ದೂ ಪುಡಿ ತಪ್ಪುವುದು ಬಾಟಲಿಯಿಂದ. ಲ್ಯಾಂಥನಂ ಮತ್ತು ಕಬ್ಬಿಣದ ನೈಟ್ರೇಟ್‌ಗಳು ಉಪ್ಪಿನ ಹಾಗೆ ತೇವ ಹೀರುತ್ತವೆ. ಲೇಬಲ್ಲಿನಲ್ಲಿ ಆರು ನೀರು ಎಂದಿದ್ದರೂ ಒಳಗೆ ಎಷ್ಟಿದೆಯೋ! ಒಂದು ಗ್ರಾಂ ಲ್ಯಾಂಥನಂ ನೈಟ್ರೇಟನ್ನು ಕ್ರೂಸಿಬಲ್‌ನಲ್ಲಿ 900 ಡಿಗ್ರಿಗೆ ಎರಡು ಗಂಟೆ ಸುಡಿ. 0.376 ಗ್ರಾಂ ಆಕ್ಸೈಡ್ ಉಳಿಯಬೇಕು. 0.355 ಮಾತ್ರ ಉಳಿದರೆ 12.99ರ ಬದಲು 13.76 ಗ್ರಾಂ ತೂಗಿ. ಡೆಸಿಕೇಟರ್‌ನಲ್ಲಿ, ಅಂದರೆ ತೇವವಿಲ್ಲದ ಮುಚ್ಚಿದ ಪಾತ್ರೆಯಲ್ಲಿ, ಆರಿಸಿ ಕೂಡಲೇ ತೂಗಬೇಕು. ಈ ಆಕ್ಸೈಡೂ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಕಬ್ಬಿಣದ ನೈಟ್ರೇಟಿಗೆ ಇದೇ ಪರೀಕ್ಷೆ ಮಾಡಿದರೆ ಬರಬೇಕಾದ ಅಂಕಿ 0.198.

ಉರಿಸುವಾಗ ದ್ರಾವಣ ಬೆಲ್ಲದ ಪಾಕದ ಹದಕ್ಕೆ ಬಂದ ಮೇಲಷ್ಟೇ ಕಾವು ಏರಿಸಿ. ಕಂದು ಹೊಗೆ ದಟ್ಟವಾಗಿ ಬಂದರೆ ನೈಟ್ರೇಟು ಗ್ಲೈಸಿನ್ನಿಗೆ ಸಿಗದೆ ತಾನೇ ಒಡೆಯುತ್ತಿದೆ ಎಂದು ಅರ್ಥ. ಕೆಲಸವೆಲ್ಲ ಫ್ಯೂಮ್ ಹುಡ್‌ನೊಳಗೇ ಆಗಲಿ, ಒಂದು ಸಲಕ್ಕೆ ಐದು ಗ್ರಾಂ ಪುಡಿಗಾಗುವಷ್ಟೇ ಇರಲಿ, ಬೀಕರು ಎರಡು ಲೀಟರಿನದಿರಲಿ. ಬಂದ ಪುಡಿಯನ್ನು 900 ಡಿಗ್ರಿಯಲ್ಲಿ ನಾಲ್ಕು ಗಂಟೆ ಸುಟ್ಟ ಮೇಲೆ ಎಕ್ಸ್‌ರೇ ನೋಡಿ. ಅಂದಹಾಗೆ ನೈಟ್ರೇಟ್ ದ್ರಾವಣ ಉರಿಸುವ ಈ ದಾರಿಗೆ ಬೆಂಗಳೂರಿನ ನಂಟಿದೆ: ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜೆ.ಜೆ. ಕಿಂಗ್ಸ್ಲಿ ಮತ್ತು ಕೆ.ಸಿ. ಪಾಟೀಲ್ ಅಲ್ಯುಮಿನಿಯಂ ನೈಟ್ರೇಟನ್ನು ಯೂರಿಯಾದೊಂದಿಗೆ ಉರಿಸಿ ಅಲ್ಯುಮಿನಾ ಪಡೆದು, 1988ರಲ್ಲಿ ಪ್ರಕಟಿಸಿದರು.

ಪ್ರ: ವೈಎಸ್‌ಝಡ್ ಬಿಲ್ಲೆಯ ಮೇಲೆ ಎಲ್‌ಎಸ್‌ಸಿಎಫ್ ಬಳಿದು 1100 ಡಿಗ್ರಿಯಲ್ಲಿ ಸುಟ್ಟೆ. ಕೆಲವು ಬಿಲ್ಲೆಗಳಲ್ಲಿ ಪದರ ಕಿತ್ತು ಬಂತು. ಉಳಿದವು ಅಂದವಾಗಿವೆ, ಆದರೆ ರೋಧ ವಿಪರೀತ. – ಸಂಶೋಧನಾ ವಿದ್ಯಾರ್ಥಿನಿ, ಮಂಗಳೂರು

ಉ: ನಿಮ್ಮಲ್ಲಿರುವುದು ಎರಡು ಬೇರೆ ಬೇರೆ ರೋಗ.

ಅಂದವಾಗಿ ಕಾಣುವ ಬಿಲ್ಲೆಯೇ ಹೆಚ್ಚು ಕೆಟ್ಟಿದೆ. ಎಲ್‌ಎಸ್‌ಸಿಎಫ್‌ನ ಸ್ಟ್ರಾನ್ಷಿಯಂ ವೈಎಸ್‌ಝಡ್‌ನ ಜಿರ್ಕೋನಿಯಂ ಜೊತೆ ಕೂಡಿ ಸ್ಟ್ರಾನ್ಷಿಯಂ ಜಿರ್ಕೊನೇಟ್ ಆಗುತ್ತದೆ. ಅದು ಅಯಾನನ್ನೂ ಬಿಡದು, ಎಲೆಕ್ಟ್ರಾನನ್ನೂ ಬಿಡದು. ಅನುಮಾನವಿದ್ದರೆ ಎರಡೂ ಪುಡಿಯನ್ನು ಸಮಸಮ ಅರೆದು, ಬಿಲ್ಲೆ ಒತ್ತಿ, 1100ರಲ್ಲಿ ಹತ್ತು ಗಂಟೆ ಸುಟ್ಟು ಎಕ್ಸ್‌ರೇ ಹಿಡಿಯಿರಿ. ತಾಮ್ರದ ಎಕ್ಸ್‌ರೇ ಕಿರಣದಲ್ಲಿ ವೈಎಸ್‌ಝಡ್‌ನ ದೊಡ್ಡ ಶಿಖರ 30.1 ಡಿಗ್ರಿಯ (ಇದು ಕೋನ, ಉಷ್ಣತೆಯಲ್ಲ) ಬಳಿ, ಎಲ್‌ಎಸ್‌ಸಿಎಫ್‌ನದು 32.6ರ ಬಳಿ ಇರುತ್ತದೆ. ನಡುವೆ, 30.8ರ ಸುತ್ತ ತಲೆಯೆತ್ತುವುದೇ ಜಿರ್ಕೊನೇಟ್. ಮೊದಲನೆಯದರ ಬಲ ಭುಜಕ್ಕೆ ಅಂಟಿಕೊಂಡಿರುವುದರಿಂದ ಅವಸರದಲ್ಲಿ ನೋಡಿದರೆ ಕಣ್ಣಿಗೇ ಬೀಳುವುದಿಲ್ಲ.

ಮದ್ದು: ನಡುವೆ ಗ್ಯಾಡೊಲಿನಿಯಂ ಬೆರೆಸಿದ ಸೀರಿಯಾದ, ಅಂದರೆ ಜಿಡಿಸಿಯ, 3–5 ಮೈಕ್ರಾನ್ ತಡೆಪದರ. ಅದನ್ನು 1250 ಡಿಗ್ರಿಯಲ್ಲಿ ಎರಡು ಗಂಟೆ ಸುಟ್ಟು, ಆಮೇಲೆ ಎಲ್‌ಎಸ್‌ಸಿಎಫ್ ಬಳಿಯಿರಿ; ಅದನ್ನು 1050ರಲ್ಲಿ ಸುಟ್ಟರೆ ಸಾಕು. ತಡೆಪದರ ಇನ್ನೂ ಗಟ್ಟಿಯಾಗಲಿ ಎಂದು 1400ಕ್ಕೆ ಏರಿಸುವ ಆಸೆ ಬರುತ್ತದೆ. ಬೇಡ. ಅಲ್ಲಿ ಸೀರಿಯಾ ಮತ್ತು ಜಿರ್ಕೋನಿಯಾ ಒಂದರೊಳಗೊಂದು ಕರಗಿ, ವಾಹಕತೆ ಕುಸಿದ ಇನ್ನೊಂದು ಪದರ ಹುಟ್ಟುತ್ತದೆ.

ಇನ್ನು ಕಿತ್ತು ಬಂದದ್ದು. ಸುಡುವ ಮೊದಲೇ, ಒಣಗುವಾಗ, ಬೇಸಿಗೆಯ ಕೆರೆಯಂಗಳದಂತೆ ಬಿರಿದಿತ್ತೇ? ಹಾಗಿದ್ದರೆ ಪುಡಿ ಅತಿ ನುಣುಪು, ಇಲ್ಲವೇ ಬಳಿದದ್ದು ದಪ್ಪ. ತೂಕದಲ್ಲಿ 60 ಭಾಗ ಪುಡಿಗೆ 40 ಭಾಗ ಟರ್ಪಿನಿಯಾಲ್-ಈಥೈಲ್ ಸೆಲ್ಯುಲೋಸ್ ದ್ರವ ಸೇರಿಸಿ, ಸುಟ್ಟ ಮೇಲೆ 20–30 ಮೈಕ್ರಾನ್ ಉಳಿಯುವಂತೆ ಬಳಿಯಿರಿ. 450 ಡಿಗ್ರಿವರೆಗೆ ನಿಮಿಷಕ್ಕೆ ಒಂದೇ ಡಿಗ್ರಿ ಏರಿಸಿ. ಸುಟ್ಟು ಆರಿದ ಮೇಲೆ ಎದ್ದಿದ್ದರೆ ಕಾರಣ ಹಿಗ್ಗುವಿಕೆ. ಒಂದು ಡಿಗ್ರಿಗೆ ವೈಎಸ್‌ಝಡ್ ಹತ್ತು ಲಕ್ಷದಲ್ಲಿ 10.5 ಪಾಲು ಹಿಗ್ಗಿದರೆ ಎಲ್‌ಎಸ್‌ಸಿಎಫ್ 15ರ ಮೇಲೆ. ಸಾವಿರ ಡಿಗ್ರಿ ಇಳಿಯುವಾಗ 10 ಮಿಲಿಮೀಟರ್ ಅಗಲದ ಪದರ ಬಿಲ್ಲೆಗಿಂತ ಸುಮಾರು 50 ಮೈಕ್ರಾನ್ ಹೆಚ್ಚು ಕುಗ್ಗಲು ಎಳೆಯುತ್ತದೆ. ಎಲ್‌ಎಸ್‌ಸಿಎಫ್‌ಗೆ ನೂರಕ್ಕೆ 30–50 ಭಾಗ ಜಿಡಿಸಿ ಬೆರೆಸಿದರೆ ಈ ಎಳೆತ ತಗ್ಗುತ್ತದೆ.

ಪ್ರ: ಎರಡೂ ಮುಖಕ್ಕೆ ಒಂದೇ ಎಲೆಕ್ಟ್ರೋಡ್ ಬಳಿದ ಬಿಲ್ಲೆಯ ಇಂಪೀಡೆನ್ಸ್ (ಎಸಿ ಕರೆಂಟಿಗೆ ಒಡ್ಡುವ ರೋಧ) ನಕ್ಷೆಯ ಕಮಾನು 0.60 ಓಮ್ ಅಗಲವಿದೆ. ಎಲೆಕ್ಟ್ರೋಡ್ ವ್ಯಾಸ 10 ಮಿ.ಮೀ. ರೋಧ ಎಷ್ಟೆಂದು ಬರೆಯಲಿ? – ಮೈಸೂರು

ಉ: ವಿಸ್ತೀರ್ಣ 0.785 ಚದರ ಸೆಂಟಿಮೀಟರಿನಿಂದ ಗುಣಿಸಿ, ಎರಡರಿಂದ ಭಾಗಿಸಿ: 0.24 ಓಮ್ ಚದರ ಸೆಂಟಿಮೀಟರ್. ಆ ಎರಡನ್ನು ಮರೆಯುವವರೇ ಹೆಚ್ಚು.

ಪ್ರ: ಹೈಡ್ರೋಜನ್ ಕಡೆಗೆ ನಿಕಲ್ ಎಲೆಕ್ಟ್ರೋಡ್ ಇದ್ದ ಕೋಶ ಚೆನ್ನಾಗಿ ಓಡಿತು. ತಣಿಸುವಾಗ ರಾತ್ರಿ ಅನಿಲ ಮುಗಿದು, ಬೆಳಿಗ್ಗೆ ಎಲೆಕ್ಟ್ರೋಲೈಟ್ ಸೀಳಿತ್ತು. – ಬೆಂಗಳೂರು

ಉ: ನಿಕಲ್ ಆಕ್ಸೈಡ್ 60, ವೈಎಸ್‌ಝಡ್ 40 ತೂಕದ ಮಿಶ್ರಣ ಹೈಡ್ರೋಜನ್‌ನಲ್ಲಿ ಲೋಹವಾಗುವಾಗ ನಿಕಲ್ ಆಕ್ಸೈಡಿನ ಗಾತ್ರ ನೂರಕ್ಕೆ 41ರಷ್ಟು ತಗ್ಗುತ್ತದೆ. ರಂಧ್ರಕ್ಕೆಂದು ಏನೂ ಬೆರೆಸದಿದ್ದರೂ ನೂರಕ್ಕೆ 23 ಭಾಗ ಪೊಳ್ಳು ತಾನಾಗಿ ಸಿಗುವುದು ಇದರಿಂದಲೇ. ಬಿಸಿಯಿರುವಾಗ ಗಾಳಿ ನುಗ್ಗಿದರೆ ನಿಕಲ್ ಮತ್ತೆ ಆಕ್ಸೈಡಾಗಿ ಉಬ್ಬುತ್ತದೆ. ಆದರೆ ಮೊದಲಿದ್ದ ಜಾಗದಲ್ಲಿ, ಮೊದಲಿದ್ದ ಆಕಾರದಲ್ಲಿ ಕೂರುವುದಿಲ್ಲ. ತೆಳು ಎಲೆಕ್ಟ್ರೋಲೈಟ್ ಆ ಒತ್ತಡ ತಡೆಯದೆ ಸೀಳುತ್ತದೆ.

ಅನಿಲದ ಲೆಕ್ಕ ಮೊದಲೇ ಮಾಡಿಕೊಳ್ಳಿ. 800ರಿಂದ 200 ಡಿಗ್ರಿಗೆ, ನಿಮಿಷಕ್ಕೆ ಎರಡು ಡಿಗ್ರಿಯಂತೆ 5 ಗಂಟೆ. ನಿಮಿಷಕ್ಕೆ 100 ಮಿಲಿಲೀಟರಾದರೆ 30 ಲೀಟರ್. ಆದರೆ 300ರ ಕೆಳಗೆ ಕುಲುಮೆ ನಿಮ್ಮ ಪ್ರೋಗ್ರಾಂ ಮಾತು ಕೇಳುವುದಿಲ್ಲ, ತನ್ನ ಪಾಡಿಗೆ ತಣಿಯುತ್ತದೆ. ಮೂರು ಪಟ್ಟು ಇಟ್ಟುಕೊಳ್ಳಿ. 10 ಲೀಟರಿನ ಸಿಲಿಂಡರಾದರೆ ಮಾಪಕ 10 ಬಾರ್‌ಗಿಂತ ಕೆಳಗಿರುವಾಗ ತಣಿಸಲು ಕೈಹಾಕಬೇಡಿ. ಇದಕ್ಕೆ ನೈಟ್ರೋಜನ್‌ನಲ್ಲಿ ನೂರಕ್ಕೆ 5 ಭಾಗ ಹೈಡ್ರೋಜನ್ ಇರುವ ಅನಿಲವೇ ಸಾಕು.

ಪ್ರ: ಅದೇ ಕೋಶಕ್ಕೆ ಹಬೆ ಕೊಟ್ಟು ಹೈಡ್ರೋಜನ್ ತೆಗೆಯಬಹುದೇ? – ಬೆಂಗಳೂರು

ಉ: ಆಗುತ್ತದೆ. ಹಬೆಯ ಜೊತೆ ಕನಿಷ್ಠ ನೂರಕ್ಕೆ 10 ಭಾಗ ಹೈಡ್ರೋಜನ್ ಇರಲಿ, ಇಲ್ಲದಿದ್ದರೆ ಹಬೆಯೇ ನಿಕಲ್ಲನ್ನು ಆಕ್ಸೈಡ್ ಮಾಡೀತು. ಒಂದು ಆಂಪಿಯರಿಗೆ ನಿಮಿಷಕ್ಕೆ 7 ಮಿಲಿಲೀಟರ್ ಹಬೆ ಖರ್ಚು. ಕೊಡುವ ಅನಿಲದಲ್ಲಿ ಅರ್ಧ ಪಾಲು ಹಬೆ ಬೇಕೆಂದರೆ, ಅನಿಲ ಗುಳ್ಳೆಯೇಳುವ ನೀರನ್ನು 82 ಡಿಗ್ರಿಯಲ್ಲಿಡಿ ಎಂದು ಪುಸ್ತಕ ಹೇಳುತ್ತದೆ. ಅದು ಸಮುದ್ರಮಟ್ಟದ ಲೆಕ್ಕ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ 79 ಡಿಗ್ರಿಗೇ ಅಷ್ಟು ಹಬೆ ಬರುತ್ತದೆ. ಕೊಳವೆಗೆ ಹೀಟಿಂಗ್ ಟೇಪ್ ಸುತ್ತಿ 110 ಡಿಗ್ರಿ ಮೇಲಿಡಿ. ಎಲ್ಲೋ ಒಂದು ಹನಿ ನಿಂತರೂ ವೋಲ್ಟೇಜ್ ಕುಣಿಯುತ್ತದೆ.

ಗಾಳಿಯ ಕಡೆಗೆ ಎಲ್‌ಎಸ್‌ಎಂ ಇದ್ದರೆ ಹೆಚ್ಚು ಕರೆಂಟು ಹರಿಸಬೇಡಿ. ಹುಟ್ಟಿದ ಆಕ್ಸಿಜನ್‌ಗೆ ಹೊರಹೋಗಲು ದಾರಿ ಸಾಲದೆ ಸಂಧಿಯಲ್ಲಿ ಒತ್ತಡ ಕಟ್ಟಿ ಪದರ ಎದ್ದುಬರುತ್ತದೆ. ತಡೆಪದರದ ಮೇಲಿನ ಎಲ್‌ಎಸ್‌ಸಿಎಫ್ ಇಲ್ಲಿ ವಾಸಿ.

ಪ್ರ: ನಿಕಲ್ಲೇ ಇಲ್ಲದ ಪಿಂಗಾಣಿ ಎಲೆಕ್ಟ್ರೋಡ್ ಇಂಧನದ ಕಡೆಗೆ ಇಲ್ಲವೇ? – ಅದೇ ಓದುಗರು

ಉ: ಇದೆ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನಲ್ಲಿ ತಾವೋ ಮತ್ತು ಅರ್ವಿನ್ 2003ರಲ್ಲಿ ಕ್ರೋಮಿಯಂ-ಮ್ಯಾಂಗನೀಸ್ ಪೆರೊವ್‌ಸ್ಕೈಟ್ (ಎಲ್‌ಎಸ್‌ಎಂನದೇ ಹರಳು ರಚನೆಯ ಆಕ್ಸೈಡ್) ತೋರಿಸಿದರು. ಗಾಳಿ ತಗುಲಿದರೂ ಅದು ಒಡೆಯುವುದಿಲ್ಲ. ಆದರೆ ಹೈಡ್ರೋಜನ್‌ನಲ್ಲಿ ಅದರ ವಾಹಕತೆ ಸೆಂಟಿಮೀಟರಿಗೆ ಒಂದೆರಡು ಸೀಮೆನ್ಸ್ ಅಷ್ಟೇ. ಅದನ್ನೇ ಬಳಸುವುದಾದರೆ ಪದರ ತೆಳುವಾಗಿರಲಿ, ಮೇಲೆ ಚಿನ್ನದ ಜಾಲರಿಯನ್ನು ಒತ್ತೊತ್ತಾಗಿ ಕೂರಿಸಿ. ಚಿನ್ನ 1064 ಡಿಗ್ರಿಗೆ ಕರಗುವುದರಿಂದ ಜಾಲರಿ ಹಾಕಿದ ಮೇಲೆ ಕೋಶವನ್ನು 900 ದಾಟಿಸಬೇಡಿ.