ಹಡಗಿನ ಮೂತಿಯ ಮೇಲೆ ಕಹಳೆ ಊದುವ ದೇವತೆ: ಇದು ಯಾವ ಗೆಲುವಿನ ನಾಣ್ಯ?

ಪ್ರಶ್ನೆ: ಹರಾಜಿನ ಪಟ್ಟಿಯೊಂದರಲ್ಲಿ ಪ್ರಾಚೀನ ಗ್ರೀಕ್ ಬೆಳ್ಳಿ ನಾಣ್ಯ ನೋಡಿದೆ. ಒಂದು ಬದಿ ಹಡಗಿನ ಮೇಲೆ ಕಹಳೆ ಊದುತ್ತಿರುವ ರೆಕ್ಕೆಯ ಹೆಣ್ಣು, ಇನ್ನೊಂದು ಬದಿ ತ್ರಿಶೂಲ ಎತ್ತಿದ ದೇವರು. ತೂಕ 17 ಗ್ರಾಂ. ಇದು ಯಾವ ಯುದ್ಧದ್ದು? ಅಸಲಿಯೋ ನಕಲಿಯೋ ತಿಳಿಯುವುದು ಹೇಗೆ?

ಉತ್ತರ: ಇದು ಅಲೆಕ್ಸಾಂಡರನ ನಂತರದ ಕಾಲದ ಮೆಸಿಡೋನಿಯನ್ ಸೇನಾನಿ ಡಿಮಿಟ್ರಿಯಸ್ ಪೋಲಿಯೊರ್ಸಿಟಿಸ್‌ನ ಟೆಟ್ರಾಡ್ರಾಕ್ಮ, ಅಂದರೆ ನಾಲ್ಕು ಡ್ರಾಕ್ಮದ ನಾಣ್ಯ. ಕ್ರಿ.ಪೂ. 306ರಲ್ಲಿ ಅವನು ಸೈಪ್ರಸ್‌ನ ಸಲಾಮಿಸ್ ಬಳಿ ಈಜಿಪ್ಟಿನ ಟಾಲೆಮಿಯ ನೌಕಾಪಡೆಯನ್ನು ಸೋಲಿಸಿದ. ಅದರ ಬೆನ್ನಿಗೇ ಅವನೂ ಅವನ ತಂದೆ ಆಂಟಿಗೋನಸನೂ ರಾಜರೆಂದು ಕರೆಸಿಕೊಂಡರು. (ಕ್ರಿ.ಪೂ. 480ರ ಸಲಾಮಿಸ್ ಕದನ ನಡೆದದ್ದು ಅಥೆನ್ಸ್ ಬಳಿ, ಅದೇ ಬೇರೆ.) ರೆಕ್ಕೆಯವಳು ವಿಜಯದೇವತೆ ನೈಕಿ, ತ್ರಿಶೂಲದವನು ಸಮುದ್ರದೇವ ಪೊಸೈಡನ್. ಬರಹದಲ್ಲಿ ಯುದ್ಧದ ಹೆಸರಿಲ್ಲ, 'ರಾಜ ಡಿಮಿಟ್ರಿಯಸನದು' ಎಂದಷ್ಟೇ ಇರುತ್ತದೆ.

ತಮಾಷೆಯೆಂದರೆ, ಈ ನಾಣ್ಯ ಟಂಕಿಸಲು ಶುರುವಾದದ್ದು ಗೆದ್ದಾಗಲ್ಲ, ಸುಮಾರು ಕ್ರಿ.ಪೂ. 300ರ ಹೊತ್ತಿಗೆ. 301ರ ಇಪ್ಸಸ್ ಕದನದಲ್ಲಿ ತಂದೆ ಸತ್ತು, ಏಷ್ಯಾದ ರಾಜ್ಯ ಬಹುಪಾಲು ಕೈಬಿಟ್ಟಿತ್ತು. ಉಳಿದದ್ದು ಹಡಗುಗಳು, ಸೈಪ್ರಸ್, ಕೆಲವು ಬಂದರುಗಳು. ಹಾಗಾಗಿ ಇದನ್ನು ವಿಜಯೋತ್ಸವದ ನಾಣ್ಯ ಎನ್ನುವುದಕ್ಕಿಂತ ಸೋತವನ ಜಾಹೀರಾತು ಎನ್ನುವುದೇ ಸರಿ.

ಇನ್ನು ಪರೀಕ್ಷೆ. ಅಸಲಿಯ ತೂಕ ಸಾಮಾನ್ಯವಾಗಿ 16.8ರಿಂದ 17.2 ಗ್ರಾಂ. 0.01 ಗ್ರಾಂವರೆಗೆ ತೋರಿಸುವ ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ. ನಾಣ್ಯವನ್ನು ತೆಳು ದಾರದಲ್ಲಿ ಕಟ್ಟಿ, ತಳಕ್ಕೂ ಅಂಚಿಗೂ ತಾಗದಂತೆ ಪೂರ್ತಿ ಮುಳುಗಿಸಿ. ಮೈಗೆ ಅಂಟಿದ ಗುಳ್ಳೆಗಳನ್ನು ಕುಂಚದಿಂದ ಬಿಡಿಸದಿದ್ದರೆ ಲೆಕ್ಕ ತಪ್ಪುತ್ತದೆ. 17.2 ಗ್ರಾಂ ನಾಣ್ಯಕ್ಕೆ ತಕ್ಕಡಿ 1.65ರ ಆಸುಪಾಸು ತೋರಿಸಬೇಕು, 17.2ನ್ನು 1.65ರಿಂದ ಭಾಗಿಸಿದರೆ 10.4, ಒಳ್ಳೆ ಬೆಳ್ಳಿಯ ಸಾಂದ್ರತೆ. 1.9 ಬಂದರೆ ಒಳಗೆ ತಾಮ್ರವಿದೆ, ಮೇಲೆ ಬೆಳ್ಳಿ ಹೊದಿಕೆ ಮಾತ್ರ.

ಆದರೆ ಒಳ್ಳೆ ಬೆಳ್ಳಿಯಲ್ಲೇ ನಕಲು ಎರೆಯುವವರೂ ಇದ್ದಾರೆ, ಆದ್ದರಿಂದ ಹತ್ತು ಪಟ್ಟು ಹಿಗ್ಗಿಸುವ ಮಸೂರ ಹಿಡಿದು ಅಂಚು ನೋಡಿ. ಅಚ್ಚಿನ ಹೊಡೆತಕ್ಕೆ ಬಿಲ್ಲೆಯ ಅಂಚು ಸಣ್ಣಗೆ ಬಿರಿದಿದ್ದರೆ ಒಳ್ಳೆಯ ಲಕ್ಷಣ. ಸುತ್ತಲೂ ಎರಕದ ಅಚ್ಚಿನ ಎರಡು ಭಾಗ ಸೇರಿದ ಕೂಡುಗೆರೆ, ಅದನ್ನು ಅಳಿಸಲು ಅರ ಉಜ್ಜಿದ ಗೀರು, ಅಕ್ಷರದ ಬುಡದಲ್ಲಿ ಸೂಜಿಮೊನೆಯಷ್ಟು ರಂಧ್ರ ಕಂಡರೆ ಅದು ಎರಕ. ಕಹಳೆಯ ಕೊಳವೆ ಮತ್ತು ರೆಕ್ಕೆಯ ಗರಿಗಳನ್ನೂ ನೋಡಿ: ಸವೆತದಿಂದ ಮೊದಲು ಅಳಿಯುವುದು ಎತ್ತರದ ಭಾಗ, ಎರಕದಲ್ಲಿ ತಗ್ಗಿನ ಗೆರೆಗಳೂ ಮಸುಕಾಗಿರುತ್ತವೆ. ಒಂದೇ ಜಾಗದಲ್ಲಿ ಒಂದೇ ಗೀರಿರುವ ಎರಡು ನಾಣ್ಯ ಬೇರೆ ಬೇರೆ ಪಟ್ಟಿಯಲ್ಲಿ ಸಿಕ್ಕರೆ, ಕನಿಷ್ಠ ಒಂದಂತೂ ನಕಲು. ಹಣ ಕೊಡುವ ಮುನ್ನ ಅಂಚಿನ ಫೋಟೊ ಕೇಳಿ ತರಿಸಿಕೊಳ್ಳಿ.