ಹೋಂಸ್ಟೇ ಹೆಸರಿಗೆ ಇಟಾಲಿಕ್ ಅಕ್ಷರ: ಎಲ್ಲಿ ಬೇಕು, ಎಲ್ಲಿ ಬೇಡ?

ಕಾರವಾರದ ಹತ್ತಿರ ಹೋಂಸ್ಟೇ ಶುರು ಮಾಡ್ತಿದ್ದೀರಿ. ಅದರ ಇಂಗ್ಲಿಷ್ ಹೆಸರಿಗೆ ತೆಳ್ಳಗಿನ ಇಟಾಲಿಕ್ (ಬಲಕ್ಕೆ ಬಾಗಿದ) ಸೆರಿಫ್ ಅಕ್ಷರ, ಅಂದರೆ ಗೆರೆಯ ತುದಿಯಲ್ಲಿ ಪುಟ್ಟ ಚಾಚು ಇರುವಂಥದ್ದು, ನಿಮಗೆ ಹಿಡಿಸಿದೆ. ಬೋರ್ಡು, ಮೆನು ಎಲ್ಲಕ್ಕೂ ಅದನ್ನೇ ಹಾಕಬಹುದಾ, ಕನ್ನಡವನ್ನೂ ಹಾಗೇ ಬಾಗಿಸಬಹುದಾ ಅಂತ ಕೇಳಿದ್ದೀರಿ. ನಾನು ಶಿರಸಿಯಲ್ಲಿ ಡಿಟಿಪಿ ಕೆಲಸ ಮಾಡುವವನು. ಹೆಸರಿಗೆ ಧಾರಾಳವಾಗಿ ಹಾಕಿ. ರಸ್ತೆ ಬದಿಯ ಬೋರ್ಡಿಗೆ ಬೇಡ. ಕನ್ನಡವನ್ನಂತೂ ಬಾಗಿಸಲೇಬೇಡಿ.

ನೆಟ್ಟಗಿನ ಅಕ್ಷರವನ್ನು ಓರೆ ಮಾಡಿದರೆ ಇಟಾಲಿಕ್ ಆಯಿತು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಅದು ಕೈಬರಹದಿಂದ ಹುಟ್ಟಿದ್ದು. 1501ರಲ್ಲಿ ವೆನಿಸ್‌ನ ಮುದ್ರಕ ಆಲ್ಡಸ್ ಮನುಟಿಯಸ್ ರೋಮನ್ ಕವಿ ವರ್ಜಿಲನ ಕಾವ್ಯವನ್ನು ಪೂರ್ತಿ ಇಟಾಲಿಕ್‌ನಲ್ಲೇ ಅಚ್ಚು ಹಾಕಿದ. ಆ ಅಕ್ಷರಗಳನ್ನು ಕೊರೆದವನು ಫ್ರಾಂಚೆಸ್ಕೊ ಗ್ರಿಫೊ. ಆಗ ಬಾಗಿದ್ದು ಸಣ್ಣಕ್ಷರಗಳು ಮಾತ್ರ, ದೊಡ್ಡಕ್ಷರಗಳು ನೆಟ್ಟಗೇ ನಿಂತಿದ್ದವು. ಈಗಲೂ ಅದರ ಚಂದ ಇರುವುದು ಸಣ್ಣಕ್ಷರದ ಓಟದಲ್ಲೇ. ಹಾಗಾಗಿ ಹೆಸರನ್ನು ಪೂರ್ತಿ ಕ್ಯಾಪಿಟಲ್‌ನಲ್ಲಿ ಹಾಕಿಸಬೇಡಿ.

ನಿಜವಾದ ಇಟಾಲಿಕ್ ಹೌದೋ ಅಲ್ಲವೋ ನೋಡಬೇಕಾ? ಇಂಗ್ಲಿಷಿನ ಸಣ್ಣ 'ಎ' ಮತ್ತು 'ಎಫ್' ಟೈಪ್ ಮಾಡಿ. 'ಎ' ಕೈಯಲ್ಲಿ ಬರೆದಂತೆ ಒಂದೇ ಹೊಟ್ಟೆಯದ್ದಾಗಿ, 'ಎಫ್'ನ ಬಾಲ ಗೆರೆಯ ಕೆಳಗೆ ಇಳಿದರೆ ಸರಿ. ಇಟಾಲಿಕ್ ಇಲ್ಲದ ಫಾಂಟಿಗೆ ಆ ಬಟನ್ ಒತ್ತಿದರೆ ಕಂಪ್ಯೂಟರ್ ಅಕ್ಷರವನ್ನು ಸುಮ್ನೆ ವಾಲಿಸುತ್ತದೆ, ಅಷ್ಟೇ.

ಉಚಿತ ಫಾಂಟ್ ಬೇಕಿದ್ದರೆ ಕಾರ್ಮೊರಂಟ್ ನೋಡಿ, ಕ್ರಿಶ್ಚಿಯನ್ ಥಾಲ್ಮನ್ ಮಾಡಿದ್ದು. ಕಾರ್ಮೊರಂಟ್ ಅಂದರೆ ನೀರುಕಾಗೆ. ನಿಮ್ಮ ಕಡೆಗೆ ಹೊಂದುತ್ತದೆ, ಅಲ್ವಾ? ಆದರೆ ಅದನ್ನು ದೊಡ್ಡ ಗಾತ್ರಕ್ಕೆಂದೇ ಬರೆದದ್ದು. ಗೆರೆ ಕೂದಲಿನಷ್ಟು ತೆಳು. ಒಮ್ಮೆ ಅಪ್ಪೆಮಿಡಿ ಉಪ್ಪಿನಕಾಯಿಯ ಲೇಬಲ್ಲಿಗೆ ಇಂಥದೇ ಅಕ್ಷರವನ್ನು 8 ಪಾಯಿಂಟ್‌ನ ಸಣ್ಣ ಗಾತ್ರದಲ್ಲಿ, ಕಡುಹಸಿರಿನ ಮೇಲೆ ಬಿಳಿಯಾಗಿ ಇಟ್ಟೆ. ಸ್ಕ್ರೀನಿನಲ್ಲಿ ಚಂದವೋ ಚಂದ. ಅಚ್ಚಾಗಿ ಬಂದಾಗ ಹಸಿರು ಶಾಯಿ ತೆಳು ಗೆರೆಗಳನ್ನೆಲ್ಲ ನುಂಗಿತ್ತು. ಮರು ಅಚ್ಚಿನ ಖರ್ಚು ನನ್ನ ಕಿಸೆಯಿಂದ.

ಹೆದ್ದಾರಿ 66ರಲ್ಲಿ ಕಾರಿನಲ್ಲಿ ಹೋಗುವವರಿಗೂ ಬೋರ್ಡಿನ ತೆಳು ಗೆರೆ ಕಾಣುವುದಿಲ್ಲ. ಅಲ್ಲಿ ದಪ್ಪ, ನೆಟ್ಟಗಿನ ಅಕ್ಷರವೇ ಇರಲಿ. ಮೆನುವಿನಲ್ಲಿ ಬಂಗಡೆ ಫ್ರೈ, ಸೋಲ್‌ಕಡಿ ಅಂತ ಹೆಸರುಗಳು ನೆಟ್ಟಗಿರಲಿ. ಅವುಗಳ ಕೆಳಗಿನ ಒಂದು ಸಾಲಿನ ವಿವರಣೆಗೆ ಇಟಾಲಿಕ್ ಹಾಕಿ.

ಇನ್ನು ಕನ್ನಡ. ನಮ್ಮ ಲಿಪಿಯಲ್ಲಿ ಇಟಾಲಿಕ್ ಅನ್ನುವ ಪದ್ಧತಿ ಬೆಳೆದೇ ಇಲ್ಲ. ದುಂಡಗಿನ ಅಕ್ಷರವನ್ನು ವಾಲಿಸಿದರೆ ಓಟ ಬರುವುದಿಲ್ಲ, ಗಾಳಿಗೆ ಬಿದ್ದ ಅಡಿಕೆ ಮರದ ಹಾಗೆ ಕಾಣುತ್ತದೆ. ತಲೆಕಟ್ಟು ಒಂದು ಕಡೆ, ಒತ್ತಕ್ಷರ ಇನ್ನೊಂದು ಕಡೆ. ತೆಳು-ದಪ್ಪ ಗೆರೆಯಿರುವ ನೋಟೊ ಸೆರಿಫ್ ಕನ್ನಡದಂಥ ಫಾಂಟನ್ನು ನೆಟ್ಟಗೇ ಬಳಸಿ. ಒತ್ತಕ್ಷರಕ್ಕೆ ಕೆಳಗೆ ಸ್ವಲ್ಪ ಜಾಗ ಬಿಡಿ.